ಉಡಚಮ್ಮನ ಬಿನ್ನವತ್ತಳೆ

ಹೊನ್ನಾಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬ್ಯಾನರ್, ಫ್ರೇಮ್ ಕೆಲಸ ಎಲ್ಲವನ್ನೂ ಮಾಡುತ್ತೇನೆ. ಆದರೆ ಪುಷ್ಪಾವತಿ ಎಂದರೆ ಜನಕ್ಕೆ ನೆನಪಾಗುವುದು ಬಿನ್ನವತ್ತಳೆ. ನಿವೃತ್ತರಾದವರಿಗೆ ಶಾಲು ಹೊದಿಸಿ, ಹಾರ ಹಾಕಿ, ಗಾಜಿನ ಚೌಕಟ್ಟಿನಲ್ಲಿ ಒಂದು ಹೊಗಳಿಕೆಯ ಪತ್ರ ಕೊಡುತ್ತಾರಲ್ಲ, ಅದು. ಚನ್ನಗಿರಿಯಿಂದ, ಅತ್ತ ಜಗಳೂರಿನಿಂದಲೂ ಬಂದು ಬರೆಸಿಕೊಂಡು ಹೋಗುತ್ತಾರೆ. ಬೇರೆ ಅಂಗಡಿಯವರು ಒಂದೇ ಪತ್ರ ಇಟ್ಟುಕೊಂಡು ಹೆಸರು ಮಾತ್ರ ಬದಲಾಯಿಸುತ್ತಾರೆ. ನಾನು ಹಾಗಲ್ಲ. ಆ ಮನುಷ್ಯರ ಮನೆಗೇ ಹೋಗಿ ಒಂದು ಗಂಟೆ ಕೂತು, ಅವರ ಬದುಕಿನದೇ ಒಂದು ಸಂಗತಿ ಹೆಕ್ಕಿ ತಂದು ಬರೆಯುತ್ತೇನೆ. ಈ ಬಗ್ಗೆ ನನಗೆ ಜಂಬವಿತ್ತು, ಒಪ್ಪಿಕೊಳ್ಳುತ್ತೇನೆ.

ಉಡಚಮ್ಮ ನ್ಯಾಮತಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಮಾಡಿದವರು. ಊರಿನ ಹೆಸರು ಬೇಡ. ಅರವತ್ತು ತುಂಬಿತೆಂದು ಅವರನ್ನು ಕೆಲಸದಿಂದ ಬಿಡಿಸಿದರು. ಅಡುಗೆಯವರಿಗೂ ಬೀಳ್ಕೊಡುಗೆ ಆಗಲೇಬೇಕೆಂದು ಹೆಡ್‌ಮಾಸ್ಟರ್ ಪ್ರವೀಣ್ ಕುಮಾರ್ ಹಟ ಹಿಡಿದು, ಬರೆಯುವ ಕೆಲಸ ನನಗೆ ಒಪ್ಪಿಸಿದರು.

ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲೇ ಉಚ್ಚಂಗೆಮ್ಮನ ಪಟ. ಸೊಸೆ ಯಶೋಧರಾ ಟೀ ತಂದುಕೊಟ್ಟಳು. ಟೀ ಮುಗಿಯುವವರೆಗೆ ಉಡಚಮ್ಮ ಹೌದು, ಇಲ್ಲ ಎಂದಷ್ಟೇ ಅಂದರು. ಆಮೇಲೆ ಸಲುಗೆ ಬಂತು.

"ನಾನು ಸೇರಿದಾಗ ಕೇರಿಯಾಕೆ ಮಾಡಿದ್ದು ಅಂತ ಹನ್ನೊಂದು ಹುಡುಗ್ರು ಮನೆಯಿಂದ ಡಬ್ಬಿ ತರ್ತಿದ್ವು ರೀ. ನಾನು ಏನೂ ಅನ್ನಲಿಲ್ಲ. ನಾಕು ವರ್ಷದಾಗೆ ಎಲ್ಲ ಡಬ್ಬೀನೂ ನಿಂತ್ವು" ಎಂದರು.

ಅದೇ ಸಲುಗೆಯಲ್ಲಿ ಇನ್ನೊಂದನ್ನೂ ಹೇಳಿದರು. ಹತ್ತು ವರ್ಷದ ಹಿಂದೆ ಒಂದು ದಿನ, ಬಡಿಸುವ ಮುಂಚೆ ಸಾಂಬಾರು ತಿರುವುವಾಗ ಸೌಟಿಗೆ ಹಲ್ಲಿ ಬಂತಂತೆ. ಅಷ್ಟೂ ಸಾಂಬಾರನ್ನು ಹಿತ್ತಲಿನ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಆಗಿನ ಹೆಡ್‌ಮಾಸ್ಟರಿಗೆ ಬೇಳೆ ಸೀದುಹೋಯಿತೆಂದು ಸುಳ್ಳು ಹೇಳಿ ಬೈಸಿಕೊಂಡು, ಬೇರೆ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿ ಮಕ್ಕಳಿಗೆ ಹಾಕಿದರು. ಇದನ್ನು ಬರೆಯಬೇಡಿ ಎಂದು ಅವರು ನನಗೆ ಹೇಳಲಿಲ್ಲ. ಇಂಥದ್ದನ್ನೂ ಬರೆಯುತ್ತಾರೆಂದು ಅವರಿಗೆ ಹೊಳೆದೇ ಇರಲಿಲ್ಲ.

ನಾನು ಬರೆದೆ. "ಸಾಂಬಾರಿನಲ್ಲಿ ಹಲ್ಲಿ ಕಂಡ ಕ್ಷಣವೇ ಇನ್ನೂರು ಮಕ್ಕಳ ಅಡುಗೆಯನ್ನು ಚೆಲ್ಲಿ, ಬೈಗುಳವನ್ನು ತಾವು ನುಂಗಿ, ಮಕ್ಕಳನ್ನು ಕಾಪಾಡಿದ ತಾಯಿ ನೀವು." ಬರೆದು ಎರಡು ಸಲ ಓದಿಕೊಂಡೆ. ನನಗೇ ಕಣ್ಣು ತುಂಬಿ ಬಂತು. ಫ್ರೇಮ್ ಹಾಕಿ, ಬಣ್ಣದ ಕಾಗದ ಸುತ್ತಿ ಸಮಾರಂಭದ ಹಿಂದಿನ ದಿನವೇ ಶಾಲೆಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದಾಗ ಯಶೋಧರಾ ಫೋನ್ ಮಾಡಿದಳು.

"ಮೇಡಂ, ಅತ್ತೆ ಈಗ ಹೇಳಿದ್ರು. ಆ ಹಲ್ಲಿದು ಏನಾರ ಬರ್ದೀರೇನ್ರಿ?"

ಬರೆದಿದ್ದೇನೆ ಎಂದೆ. ಅವಳು ಒಂದೇ ಉಸಿರಿಗೆ ಹೇಳಿದಳು. ಅತ್ತೆಯ ಜಾಗಕ್ಕೆ ಅವಳೇ ಅರ್ಜಿ ಹಾಕಿದ್ದಳು. ಬರುವ ಸೋಮವಾರ ಶಾಲಾ ಸಮಿತಿಯ ಸಭೆ. ಮತ್ತೆ ಕೇರಿಯವರೇ ಯಾಕೆ ಎಂದು ಸಮಿತಿಯಲ್ಲಿ ಇಬ್ಬರು ಆಗಲೇ ಗೊಣಗುತ್ತಿದ್ದರು, ಅವರಿಗೆ ಒಂದು ನೆಪ ಬೇಕಿತ್ತು.

ಫೋನು ಉಡಚಮ್ಮನ ಕೈಗೆ ಹೋಯಿತು. "ಹಲ್ಲಿ ಬಿತ್ತು ಅನ್ನೋದಷ್ಟೇ ಓದ್ತಾರೆ ರೀ. ನಾನು ಚೆಲ್ಲಿದ್ದನ್ನ ಯಾರು ಓದ್ತಾರೆ?"

ಶಟರ್ ಎಳೆದು ಸಿಕ್ಕ ಬಸ್ಸು ಹತ್ತಿದೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ದಾರಿಯುದ್ದಕ್ಕೂ ಆ ಸಾಲು ತಲೆಯಲ್ಲಿ ಓಡುತ್ತಿತ್ತು. ಯಾರದೋ ಸೊಸೆಯ ಅನ್ನಕ್ಕೆ ನಾನು ಕಲ್ಲು ಹಾಕಿದ್ದೆ, ಅದೂ ಚೆಂದದ ಅಕ್ಷರದಲ್ಲಿ.

ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಫ್ರೇಮು ವೇದಿಕೆಯ ಮೇಜಿನ ಮೇಲಿತ್ತು. ಪುಣ್ಯಕ್ಕೆ ಸುತ್ತಿದ ಕಾಗದ ಇನ್ನೂ ಬಿಚ್ಚಿರಲಿಲ್ಲ. ಸಮಿತಿಯ ಅಧ್ಯಕ್ಷ ರಂಗನಾಥ್ ಅದರ ಪಕ್ಕದಲ್ಲೇ ಕೂತಿದ್ದರು. ನನ್ನನ್ನು ಕಂಡಿದ್ದೇ ಪ್ರವೀಣ್ ಕುಮಾರ್ ಮೈಕಿನಲ್ಲಿ ಕೂಗಿದರು. "ಬರೆದ ಮೇಡಂ ಅವರೇ ಬಂದಿದ್ದಾರೆ. ಅವರೇ ಓದಲಿ!"

ಮೇಲೆ ಹತ್ತಿದೆ. ಕಾಗದ ಬಿಚ್ಚಿ ಫ್ರೇಮನ್ನು ಎದೆಗೆ ಹತ್ತಿರ ಹಿಡಿದುಕೊಂಡು ಓದತೊಡಗಿದೆ. ಹಲ್ಲಿಯ ಸಾಲು ಬಂತು. ಹಾರಿಸಿದೆ. ಹಾರಿಸಿದ ಕಡೆ ದನಿ ತೊದಲಿತು. ರಂಗನಾಥ್ ತಲೆಯೆತ್ತಿ ನೋಡಿದರು. ಎದುರಿಗೆ ಶಾಲು ಹೊದ್ದು ಕೂತಿದ್ದ ಉಡಚಮ್ಮ ನನ್ನ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಓದು ಮುಗಿದು ಚಪ್ಪಾಳೆ ಬಿತ್ತು. ಆಗ ಫೋಟೋದವನು ಬಂದ. ಈಗಿನ ಫೋನುಗಳಲ್ಲಿ ಬೆರಳಿನಿಂದ ಹಿಗ್ಗಿಸಿದರೆ ಇರುವೆಯ ಕಾಲೂ ಕಾಣುತ್ತದೆ. ಉಡಚಮ್ಮನ ಕೈಗೆ ಕೊಟ್ಟ ಫ್ರೇಮಿಗೆ ನಾನೂ ಕೈಯಾನಿಸಿ, ಅಂಗೈಯನ್ನು ಆ ಸಾಲಿನ ಮೇಲೆ ಒತ್ತಿ ನಿಂತೆ.

"ಕೈ ತೆಗೀರಿ ಮೇಡಂ, ಅಕ್ಷರ ಕಾಣ್ತಿಲ್ಲ."

"ಹಿಂಗೇ ಇರಲಿ, ಹೊಡಿರಿ" ಎಂದು ಗದರಿದೆ. ಎಲ್ಲರೂ ನಕ್ಕರು. ನನ್ನ ಬೆವರಿಗೆ ಗಾಜು ಒದ್ದೆಯಾಗಿತ್ತು.

ಸಮಾರಂಭ ಮುಗಿದ ಮೇಲೆ ನಾನೂ ಉಡಚಮ್ಮನೂ ಫ್ರೇಮನ್ನು ಶಾಲೆಯ ಅಡುಗೆಕೋಣೆಗೆ ಒಯ್ದು ಬಾಗಿಲು ಮುಂದೆ ಮಾಡಿದೆವು. ಹಿಂದಿನ ರಟ್ಟು ಕಿತ್ತು ಹಾಳೆ ಹೊರಗೆಳೆದೆ. ಉಡಚಮ್ಮ ಅದನ್ನು ನಾಲ್ಕು ಚೂರು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ತಪ್ಪಾಯ್ತಮ್ಮ. ಇನ್ನೊಂದು ಚೆನ್ನಾಗಿ ಬರ್ಕೊಡ್ತೀನಿ" ಎಂದೆ.

"ಚೆನ್ನಾಗಿ ಬ್ಯಾಡ್ರೀ ಮೇಡಂ. ಹೋದ ವರ್ಷ ತಿಪ್ಪೇಶಪ್ಪ ಮೇಷ್ಟ್ರಿಗೆ ಕೊಟ್ರಲ್ಲ, ಅದ್ರಾಗೆ ಏನಿತ್ತೋ ಅದನ್ನೇ ಬರೀರಿ."

ಅದು ಬೇರೆ ಅಂಗಡಿಯವರದು. ಅದರ ಒಂದೊಂದು ಪದವೂ ನನಗೆ ಗೊತ್ತು. ಸರಳ ಸಜ್ಜನಿಕೆ, ಕರ್ತವ್ಯನಿಷ್ಠೆ, ಅಜಾತಶತ್ರು. ಅಂಗಡಿ ಇಟ್ಟ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ನಾನೂ ಹೆಸರೊಂದನ್ನು ಬದಲಾಯಿಸಿ ಪ್ರಿಂಟ್ ತೆಗೆದೆ.

ಹದಿನೈದು ದಿನ ಬಿಟ್ಟು ಹೊಸ ಹಾಳೆ ತೆಗೆದುಕೊಂಡು ಹೋದೆ. ಯಶೋಧರಾ ಕೆಲಸಕ್ಕೆ ಸೇರಿದ್ದಳು. ಮೊದಲ ವಾರ ಮೂರು ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದವಂತೆ. ಓದಿ ಹೇಳಿ ಎಂದರು ಉಡಚಮ್ಮ. ಸೆರಗು ಸರಿಮಾಡಿಕೊಂಡು, ಕೊನೆಯವರೆಗೂ ಅಲ್ಲಾಡದೆ ಕೇಳಿದರು.

"ಮೇಷ್ಟ್ರದ್ದೇ ಐತಲ್ಲ?"

"ಅದೇ ಐತಮ್ಮ."

"ಹೆದರಾಕೆ ಅದ್ರಾಗೆ ಏನೂ ಇಲ್ಲ ಅಲ್ವೇನ್ರಿ?"

ಏನೂ ಇಲ್ಲ ಎಂದೆ.