ಪ್ರೊಪೆಲ್ಲರಿನ ಎರಡನೇ ಇಂಚು

ಸಾಸಲು ಹಳ್ಳಿಯ ಹೊಲದ ಶೆಡ್ಡಿನಲ್ಲಿ ನಾನೂ ನನ್ನಣ್ಣನೂ ಒಬ್ಬರು ಕೂರುವಂಥ ವಿಮಾನವೊಂದನ್ನು ಕಟ್ಟಲು ಶುರುಮಾಡಿ ಆರು ವರ್ಷವಾಗಿತ್ತು. ಅಣ್ಣ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಾನೆ. ನಾನು ಅದೇ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಲೆಕ್ಕ ನನ್ನದು, ಕೈಕೆಲಸ ಅವನದು ಎಂದು ಮನೆಯಲ್ಲಿ ಹೇಳುತ್ತಿದ್ದರು. ತಾಳ್ಮೆಯೂ ಅವನದೇ ಎಂದು ಯಾರೂ ಹೇಳುತ್ತಿರಲಿಲ್ಲ.

ನಮ್ಮ ಎಂಜಿನ್ನು ಅಪಘಾತದಲ್ಲಿ ನಜ್ಜುಗುಜ್ಜಾದ ವಿದೇಶಿ ಕಾರಿನದು, ರೋಟರಿ. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್‌ಗಳಿಲ್ಲ. ಮೂರು ಮೂಲೆಯ ಕಬ್ಬಿಣದ ತುಂಡು ಗೂಡಿನೊಳಗೆ ಸುತ್ತುತ್ತಿರುತ್ತದೆ. ನಿಮಿಷಕ್ಕೆ ಆರು ಸಾವಿರ ಸುತ್ತು ಹೊಡೆದರೆ ಅದು ಹುಲಿ, ಅರ್ಧಕ್ಕೆ ನಿಂತರೆ ಬೆಕ್ಕು. ಆದರೆ ಪ್ರೊಪೆಲ್ಲರ್ ಅಷ್ಟು ಜೋರಾಗಿ ತಿರುಗುವಂತಿಲ್ಲ. ಅಲಗಿನ ತುದಿ ಶಬ್ದದ ವೇಗದ ಹತ್ತಿರ ಹೋದರೆ ಎಳೆತ ಕಡಿಮೆಯಾಗಿ ಬರೀ ಗದ್ದಲವಾಗುತ್ತದೆ. ಅದಕ್ಕೇ ನಡುವೆ ಗೇರ್‌ಬಾಕ್ಸ್ ಕೂರಿಸಿ ವೇಗವನ್ನು ಅರ್ಧಕ್ಕಿಳಿಸಿದ್ದೆವು. ಇನ್ನು ಉಳಿದದ್ದು ಪ್ರೊಪೆಲ್ಲರ್ ಯಾವುದು ಎಂಬುದೊಂದೇ.

"ಮೂರು ಅಲಗಿಂದು ತಗೊಳ್ಳೋಣ ಕಣೇ. ಬೋಲ್ಟ್ ಸಡಿಲ ಮಾಡಿ ಅಲಗಿನ ಕೋನ ತಿರುಗಿಸ್ಕೋಬೋದಂತೆ," ಎಂದ ಅಣ್ಣ.

"ಅದು ಬರೋದಕ್ಕೆ ಐದಾರು ತಿಂಗಳು ಬೇಕು. ಮರದ್ದು ಈಗ್ಲೇ ಸಿಗುತ್ತೆ. ನನ್ನ ಲೆಕ್ಕ ಸರಿಯಾಗಿದೆ," ಎಂದೆ. ಐದಾರು ತಿಂಗಳು ಕಾಯುವುದು ನನ್ನಿಂದಾಗದ ಮಾತಾಗಿತ್ತು. ಪಾಠದ ನಡುವೆ ದೇವನಹಳ್ಳಿ ಕಡೆಯಿಂದ ಏರುವ ವಿಮಾನದ ಸದ್ದು ಕೇಳಿದರೆ ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಡುತ್ತಿದ್ದೆ.

ಎರಡು ಅಲಗಿನ ಮರದ ಪ್ರೊಪೆಲ್ಲರ್ ಬಂತು. ವಿಮಾನದ ಬಾಲವನ್ನು ಹೊಂಗೆಮರಕ್ಕೆ ಕಟ್ಟಿ, ಹಗ್ಗದ ನಡುವೆ ಹುಣಸೆಹಣ್ಣು ತೂಗುವ ಕೊಕ್ಕೆತಕ್ಕಡಿ ಸಿಕ್ಕಿಸಿ ಎಂಜಿನ್ ಓಡಿಸಿದೆವು. ಎಷ್ಟು ಒತ್ತಿದರೂ ಐದು ಸಾವಿರ ದಾಟಲಿಲ್ಲ. ಆ ಉದ್ದದ ಅಲಗನ್ನು ತಿರುಗಿಸಲು ಎಂಜಿನ್ನು ಏದುಸಿರು ಬಿಡುತ್ತಿತ್ತು. ಎಳೆತ ನೂರ ನಲವತ್ತು ಕಿಲೋ.

ಇಂಥ ಹೊತ್ತಿನಲ್ಲಿ ಅಲಗಿನ ತುದಿ ಕತ್ತರಿಸುವುದುಂಟು. ಅಣ್ಣ ಎರಡೂ ತುದಿಯಲ್ಲಿ ಒಂದೊಂದು ಇಂಚು ಕೊಯ್ದ. ಕಬ್ಬಿಣದ ಸರಳಿನ ಮೇಲೆ ಪ್ರೊಪೆಲ್ಲರನ್ನು ತಕ್ಕಡಿಯಂತೆ ನಿಲ್ಲಿಸಿ, ಭಾರದ ಕಡೆಯನ್ನು ಅರ್ಧ ದಿನ ಉಜ್ಜಿ ಸಮ ಮಾಡಿದ. ಈ ಸಲ ಐದೂವರೆ ಸಾವಿರ, ನೂರ ಅರವತ್ತು ಕಿಲೋ.

"ಇನ್ನೊಂದಿಂಚು," ಎಂದೆ.

"ಬೇಡ. ಒಂದ್ಸಲ ಕುಯ್ದ್ರೆ ಅಂಟ್ಸಕ್ಕಾಗಲ್ಲ. ನಾಕು ದಿನ ಬಿಟ್ಟು ನೋಡೋಣ."

ನಾಲ್ಕನೇ ದಿನ ಅವನು ಅತ್ತಿಗೆಯ ಕಡೆಯ ಮದುವೆಗೆಂದು ಸಮೇತನಹಳ್ಳಿಗೆ ಹೋದ. ಭಾನುವಾರ ಬೆಳಿಗ್ಗೆ ನಾನು ಸಾಸಲಿಗೆ ಹೋದೆ. ಸುಮ್ಮನೆ ನೋಡಿ ಬರಲೆಂದೇ ಹೋಗಿದ್ದು. ನೋಡುತ್ತಾ ನಿಂತೆ, ಅಲಗಿನ ಮೇಲೆ ಪೆನ್ಸಿಲ್ ಗೆರೆ ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಮಧ್ಯಾಹ್ನದ ಹೊತ್ತಿಗೆ ಎರಡು ಮರದ ಚೂರು ನೆಲದ ಮೇಲೆ ಬಿದ್ದಿದ್ದವು. ಉಜ್ಜಿ ಸಮ ಮಾಡಿ, ಜೋಡಿಸಿ, ಒಬ್ಬಳೇ ಎಂಜಿನ್ ಓಡಿಸಿದೆ. ಆರು ಸಾವಿರ ದಾಟಿತು. ಖುಷಿಯಿಂದ ತಿರುಗಿ, ಹಿಂದಿನ ತಕ್ಕಡಿಯ ಮುಳ್ಳು ನೋಡಿದೆ. ನೂರ ನಲವತ್ತೈದು. ಮೂರು ಸಲ ಓಡಿಸಿದರೂ ಅಷ್ಟೇ. ವೇಗವೇನೋ ಬಂದಿತ್ತು, ಗಾಳಿಯನ್ನು ಹಿಡಿಯಲು ಮರ ಸಾಲದಾಗಿತ್ತು.

ಮರುದಿನ ಸಂಜೆ, ಗೆರೆ ಎಳೆದು ಅಳಿಸಿದ್ದೂ ಸೇರಿ ಎಲ್ಲವನ್ನೂ ಅಣ್ಣನಿಗೆ ಹೇಳಿದೆ. ಅವನು ಅಲಗಿನ ತುದಿ ಸವರಿ ನೋಡಿದ.

"ಓಡಿಸ್ದಾಗ ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಹಗ್ಗ ಕಿತ್ತೋಗಿದ್ರೆ? ಗಾಲಿಗೆ ಕಲ್ಲಾದ್ರೂ ಇಟ್ಟಿದ್ದಾ?"

ಕಲ್ಲು ಇಟ್ಟಿರಲಿಲ್ಲ.

"ಮರ ಹಾಳಾಯ್ತು, ಬಿಡು," ಎಂದು ಅವನು ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಅವನ ಮಗ್ಗದ ಅಂಗಡಿಯ ಮುಂದೆ ದಿನಾ ಸ್ಕೂಟರ್ ನಿಧಾನ ಮಾಡುತ್ತಿದ್ದೆ. ಅವನು ತಲೆ ಎತ್ತುತ್ತಿರಲಿಲ್ಲ.

ಮೂರನೇ ವಾರ ಅವನೇ ಕಾಲೇಜಿನ ಗೇಟಿನ ಬಳಿ ಬಂದು ನಿಂತಿದ್ದ.

"ಮೂರು ಅಲಗಿಂದು ಆರ್ಡರ್ ಹಾಕಿದೀನಿ. ಬರೋದು ಆರು ತಿಂಗ್ಳಾಗತ್ತೆ. ಅದ್ರಲ್ಲಿ ತಪ್ಪು ಮಾಡಿದ್ರೂ ವಾಪಸ್ ತಿರುಗಿಸ್ಕೋಬೋದು."

"ನನಗೋಸ್ಕರಾನಾ?"

"ಇಬ್ರಿಗೂ. ಎರಡನೇ ಇಂಚಿಗೆ ನಾನೂ ಗೆರೆ ಎಳ್ದು ಅಳ್ಸಿದ್ದೆ, ನೀನು ನೋಡ್ಲಿಲ್ಲ ಅಷ್ಟೆ."

ಆರು ತಿಂಗಳು ಹೇಗೆ ಕಳೆದೆನೋ. ಶೆಡ್ಡಿನ ಕೀಲಿ ಮಾತ್ರ ಅವನ ಬಳಿಯೇ ಇತ್ತು, ನಾನೂ ಕೇಳಲಿಲ್ಲ. ಹೊಸದು ಬಂದಾಗ ಅಲಗಿನ ಕೋನವನ್ನು ಐದು ಸಲ ಬದಲಿಸಿದೆವು. ಐದನೆಯದಕ್ಕೆ ಎಂಜಿನ್ನು ಆರು ಸಾವಿರದಲ್ಲಿ ನಿಂತು, ಮುಳ್ಳು ನೂರ ಎಪ್ಪತ್ತು ದಾಟಿತು. ಅಣ್ಣ ಸ್ಪ್ಯಾನರ್ ಒರೆಸಿ ಕೆಳಗಿಟ್ಟ.

"ಅರ್ಧ ಡಿಗ್ರಿ ಜಾಸ್ತಿ ಮಾಡಿದ್ರೆ?" ಎಂದೆ.

ಅವನು ಬೈಯಲಿಲ್ಲ. ಬಾಗಿ ಗಾಲಿಗಳ ಮುಂದಿನ ಕಲ್ಲುಗಳನ್ನು ಒದ್ದು ಭದ್ರ ಮಾಡಿದ. ಆಮೇಲೆ ಸ್ಪ್ಯಾನರ್ ಎತ್ತಿ ನನ್ನ ಕೈಗೆ ಕೊಟ್ಟ.