ನಮ್ಮ ಶ್ರೀಮಂತ ನೋಡದ ಶೋ

ಅರವತ್ತು ದಾಟಿದ ಶ್ರೀಮಂತ ಬಿರಾದಾರನ ನೆತ್ತಿಯ ಮೇಲೆ ಒಂದು ಕೂದಲೂ ಇಲ್ಲ. ಸುತ್ತ ಉಳಿದದ್ದನ್ನೇ ಹಿಂದಕ್ಕೆ ಎಳೆದು, ರಬ್ಬರ್ ಬ್ಯಾಂಡ್ ಹಾಕಿ, ಇಲಿಬಾಲದಷ್ಟು ಜುಟ್ಟು ಕಟ್ಟುತ್ತಾನೆ. ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ತನ್ನ ಬನಿಯನ್ ಅಂಗಡಿಯಲ್ಲಿ ಆ ಜುಟ್ಟು ಕುಣಿಸುತ್ತ ಗಿರಾಕಿಗೆ ಚಡ್ಡಿಯ ಸೈಜು ಹೇಳುವುದನ್ನು ಒಮ್ಮೆ ನೋಡಬೇಕು. ಸಿಂದಗಿ ಕಡೆಯ ನಾವಿಬ್ಬರೂ ಒಂದೇ ವರ್ಷ ಮುಂಬೈಗೆ ಬಂದವರು, ಒಂದೇ ಖೋಲಿಯಲ್ಲಿ ಮಲಗಿದವರು. ನಾನು ಕಾಂದಿವಲಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟು ಮಾರುತ್ತ ಮುದುಕನಾದೆ. ಅವನು ಬನಿಯನ್ನು ಮಾರುತ್ತಲೇ ದೊಡ್ಡ ಮನುಷ್ಯನಾದ.

ದೊಡ್ಡಸ್ತಿಕೆ ಬಂದದ್ದು ಬನಿಯನ್ನಿನಿಂದಲ್ಲ. ಕಾಪರ್ ಮ್ಯೂಲ್ಸ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡೊಂದಿದೆ. ತಾಮ್ರದ ಹೇಸರಗತ್ತೆಗಳು ಎಂದು ಅರ್ಥವಂತೆ. ಹೆಸರಿಟ್ಟವರಿಗೆ ತಮ್ಮ ಬಗ್ಗೆ ಭ್ರಮೆ ಇದ್ದಂತಿಲ್ಲ. ನಲವತ್ತು ವರ್ಷದ ಹಿಂದೆ ಅವರು ಮುಂಬೈಗೆ ಬಂದು ಒಂದು ಶೋ ಕೊಟ್ಟಿದ್ದರು. ಆ ಶೋ ನೋಡಿದವನು ಶ್ರೀಮಂತ ಎಂಬುದು ಪಾರ್ಲೆಯ ಕಾಲೇಜು ಹುಡುಗರಿಗೆಲ್ಲ ಗೊತ್ತು. ಕರಿ ಟೀ ಶರ್ಟ್ ಹಾಕಿಕೊಂಡು ಬಂದು ಅವನ ಕೌಂಟರಿಗೆ ಒರಗಿ, "ಕಾಕಾ, ಫಿರ್ ಸೇ ಹೇಳಿ ನಾ" ಎನ್ನುತ್ತಾರೆ. ಕಾಕಾ ಹೇಳುತ್ತಾನೆ. ಕೇಳಿದವರು ಇನ್ನೊಂದು ಕರಿ ಟೀ ಶರ್ಟ್ ಕೊಂಡು ಹೋಗುತ್ತಾರೆ.

ಗೊತ್ತಿಲ್ಲದ್ದು ಇಷ್ಟೇ: ಶ್ರೀಮಂತ ಆ ಶೋ ನೋಡಿಲ್ಲ. ಟಿಕೆಟ್ ತೆಗೆಸಿದ್ದು ನಿಜ. ಆದರೆ ಆ ದಿನ ಅವನಿಗೆ ಕಣ್ಣು ಬಂದಿದ್ದವು. ಎರಡೂ ರೆಪ್ಪೆ ಪಿಸುರಿನಿಂದ ಅಂಟಿಕೊಂಡು, ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಖೋಲಿಯಲ್ಲಿ ಬಿದ್ದಿದ್ದ. ಟಿಕೆಟ್ ಹಾಳಾಗಬಾರದೆಂದು ಹೋದವನು ನಾನು. ಕೆಸರು, ಕಿರುಚಾಟ, ಎದೆ ಗುದ್ದುವ ಡ್ರಮ್ಮು. ಒಂದು ಚಪ್ಪಲಿ ಅಲ್ಲೇ ಹೋಯಿತು. ಡೆನಿ ಕಾರ್ಬೆಲ್ ಎಂಬ ಅವರ ಹಾಡುಗಾರ ಗುಂಪಿನಿಂದ ಒಬ್ಬ ಹುಡುಗನನ್ನು ಮೇಲಕ್ಕೆಳೆದು ಮೈಕು ಹಿಡಿಸಿದ್ದ. ವಾಪಸು ಬಂದು ಎಲ್ಲವನ್ನೂ ಶ್ರೀಮಂತನಿಗೆ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

ಆಮೇಲೆ ಆ ಕಥೆ ಅವನದಾಯಿತು. ಮೊದಲ ಕೆಲವು ವರ್ಷ ಅವನು ಗುಂಪಿನ ಹಿಂದೆಲ್ಲೋ ಇದ್ದ. ಮದುವೆಯಾಗುವ ಹೊತ್ತಿಗೆ ಮುಂದಿನ ಸಾಲಿಗೆ ಬಂದ. ಮಗ ಕಿಶೋರ ಹುಟ್ಟಿದ ಮೇಲೆ ಕಾರ್ಬೆಲ್ ಮೇಲಕ್ಕೆಳೆದ ಹುಡುಗ ಇವನೇ ಆದ. ಇಟ್ಟ ಸರಕು ಹಳತಾದರೆ ಅರ್ಧ ಬೆಲೆಗೆ ತೂರಬೇಕು. ಸುಳ್ಳು ಮಾತ್ರ ಇಟ್ಟಷ್ಟೂ ಏರುತ್ತದೆ. ನಾನು ಬಾಯಿ ಬಿಡಲಿಲ್ಲ. ಆ ಶೋದಲ್ಲಿ ನನಗೆ ಸಿಕ್ಕಿದ್ದು ತಲೆಶೂಲೆ. ಅದನ್ನು ಯಾರಾದರೂ ಹೊತ್ತೊಯ್ದರೆ ನನ್ನ ಗಂಟೇನು ಹೋಯಿತು?

ಈ ವರ್ಷ ಹೇಸರಗತ್ತೆಗಳು ಮತ್ತೆ ಮುಂಬೈಗೆ ಬಂದವು. ಕಾರ್ಬೆಲ್‌ಗೆ ಎಪ್ಪತ್ತಾರು. ಇದು ಕೊನೆಯ ಯಾತ್ರೆಯೆಂದು ಡಂಗುರ. ಕೊನೆಯ ಯಾತ್ರೆ ಇದು ಮೂರನೆಯ ಸಲವಂತೆ. 'ಸ್ಟಾಕ್ ಖಾಲಿ' ಬೋರ್ಡು ಹಾಕಿ ಹತ್ತು ವರ್ಷ ಮಾರುವ ಅಂಗಡಿಗಳು ನಮ್ಮ ಓಣಿಯಲ್ಲೂ ಇವೆ. ಕಿಶೋರ ಅಪ್ಪನಿಗೆ ಎರಡು ಪಾಸು ತಂದುಕೊಟ್ಟ, ಶೋಗೆ ಮುಂಚೆ ಹಾಡುಗಾರನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವಂಥವು. ಆ ಕಾಲೇಜು ಹುಡುಗರ ಅಭಿಮಾನಿ ಗುಂಪಿನ ಮುಂದಾಳು ಸ್ನೇಹಲ್ ಕುಣಿದಾಡಿದಳು. ಕಾಕಾ ಕಾರ್ಬೆಲ್‌ನ ಎದುರು ನಿಂತು ಆ ರಾತ್ರಿ ನೆನಪಿದೆಯೇ ಎಂದು ಕೇಳಬೇಕು, ತಾನು ವಿಡಿಯೊ ಮಾಡಿ ಎಲ್ಲರಿಗೂ ಕಳಿಸುತ್ತೇನೆ ಎಂದಳು.

ಮರುದಿನವೇ ಶ್ರೀಮಂತ ನನ್ನ ಅಂಗಡಿಗೆ ಓಡಿ ಬಂದ. "ಕಾಶಪ್ಪಾ, ಅಂವ ಇಲ್ಲ ಅಂದ್ರ ಮುಗೀತೋ. ನಾಳಿಂದ ಆ ಹುಡುಗ್ರು ನನ್ನ ಅಂಗಡಿ ಮೆಟ್ಲಾ ಹತ್ತೂದಿಲ್ಲ."

"ಹೋಗಬ್ಯಾಡ. ಕಣ್ಣ ಬಂದಾವ ಅನ್ನು" ಎಂದೆ.

ಅವನಿಗೆ ನಗು ಬರಲಿಲ್ಲ. ಹೋಗದಿದ್ದರೂ ಅನುಮಾನ, ಹೋದರೂ ಅಪಾಯ. ಎರಡನೆಯ ಪಾಸು ಹೆಂಡತಿ ಶಿವಕುಮಾರಿಗೆ ಕೊಡಹೋದರೆ ಆಕೆ, "ಮುದುಕನ್ನ ನೋಡಾಕ ಅಲ್ಲೀತನಕ ಯಾಕ ಬರ್ಲಿ? ಮನ್ಯಾಗ ಒಬ್ಬಾಂವ ಅದಾನಲ್ಲ" ಅಂದಳಂತೆ. ಹಾಗಾಗಿ ಪಾಸು ನನಗೆ ಬಂತು.

ಮೈದಾನದ ಹಿಂದಿನ ಶಾಮಿಯಾನದಲ್ಲಿ ಮಧ್ಯಾಹ್ನ ಸಾಲು ಹಚ್ಚಿದೆವು. ಸ್ನೇಹಲ್ ಮತ್ತು ಅವಳ ಗುಂಪಿನ ಹುಡುಗರೂ ಅಂಥವೇ ಪಾಸು ಹಿಡಿದು ನಮ್ಮ ಜೊತೆ ನಿಂತಿದ್ದರು. ಮೊಣಕಾಲಿಗೆ ಪಟ್ಟಿ ಕಟ್ಟಿದವರು, ಬಿ.ಪಿ. ಗುಳಿಗೆ ಜೇಬಿನಲ್ಲಿಟ್ಟವರು, ಹೊಟ್ಟೆಯ ಮೇಲೆ ಹೇಸರಗತ್ತೆಯ ಚಿತ್ರ ಹಿಗ್ಗಿಸಿಕೊಂಡವರು, ಎಲ್ಲರೂ ಹದಿನೆಂಟರ ಮುಖ ಮಾಡಿಕೊಂಡಿದ್ದರು. ಕಡೆಗೆ ಕಾರ್ಬೆಲ್ ಬಂದ. ಗಾಡಿಯಿಂದ ಗಣಪತಿಯನ್ನು ಇಳಿಸುವಂತೆ ಇಬ್ಬರು ಕಂಕುಳಿಗೆ ಕೈಕೊಟ್ಟು ಇಳಿಸಿದರು, ನೆಲಕ್ಕೆ ಟೇಪು ಹಚ್ಚಿದ ಜಾಗದಲ್ಲಿ ನಿಲ್ಲಿಸಿದರು. ಕರ್ರಗೆ ಬಣ್ಣ ಹಚ್ಚಿದ ಕೂದಲು, ಅದರ ಕೆಳಗೆ ಒಣ ಅಂಜೂರದಂಥ ಮುಖ. ಸಾಲಿನಲ್ಲಿದ್ದ ಗಂಡಸರು ಅತ್ತರು.

ಶ್ರೀಮಂತನ ಸರದಿ. ಸ್ನೇಹಲ್ ಫೋನು ಎತ್ತಿ ಹಿಡಿದಳು. ವಾರವೆಲ್ಲ ಬಾಯಿಪಾಠ ಮಾಡಿದ್ದ ಇಂಗ್ಲಿಷಿನಲ್ಲಿ ಶ್ರೀಮಂತ, ನಲವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ನೀವು ನನ್ನನ್ನು ಸ್ಟೇಜಿಗೆ ಎಳೆದುಕೊಂಡಿರಿ ಎಂದ. ಕಾರ್ಬೆಲ್ ಕಪ್ಪು ಕನ್ನಡಕ ತೆಗೆದ, ದಿಟ್ಟಿಸಿ ನೋಡಿದ, ಹೆಗಲ ಮೇಲೆ ಕೈಯಿಟ್ಟ. ನೆನಪಿಲ್ಲದೆ ಏನು, ನೀನು ಅಲ್ಲಿದ್ದೆ, ಆ ಕಣ್ಣುಗಳನ್ನು ನಾನು ಹೇಗೆ ಮರೆಯಲಿ ಎಂದ.

ನಾನು ಶ್ರೀಮಂತನ ಆ ಕಣ್ಣುಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಒರೆಸಿದವನು.

ಹುಡುಗರು ಚಪ್ಪಾಳೆ ಹೊಡೆದರು. ಶ್ರೀಮಂತನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ಅವನ ಹಿಂದಿದ್ದ ನವೀನ ಮುಂದೆ ಹೋದ. ಕಾಲೇಜಿಗೆ ಈಗಷ್ಟೇ ಸೇರಿದ ಹುಡುಗ, ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಅವನು ನಮಸ್ಕಾರ ಎನ್ನುವುದರೊಳಗೆ ಕಾರ್ಬೆಲ್ ಕನ್ನಡಕ ತೆಗೆದ, ದಿಟ್ಟಿಸಿದ, ಹೆಗಲಿಗೆ ಕೈಯಿಟ್ಟ. ನೀನು ಅಲ್ಲಿದ್ದೆ, ಆ ಕಣ್ಣುಗಳನ್ನು ಹೇಗೆ ಮರೆಯಲಿ.

ಹುಡುಗರು ಬಿದ್ದು ಬಿದ್ದು ನಕ್ಕರು. ಸ್ನೇಹಲ್ ಒಳ್ಳೆಯ ಹುಡುಗಿ, ಸಮಾಧಾನ ಮಾಡಹೋದಳು: "ಕಾಕಾ, ಅವ್ರು ಸಬ್ಕೋ ಹಂಗೇ ಹೇಳ್ತಾರೆ. ಚಲ್ತಾ ಹೈ."

ಶ್ರೀಮಂತ ಇಲ್ಲಿ ತೆಪ್ಪಗಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನಿಗೆ ಸಿಟ್ಟು ಬಂತು. ನಾಚಿಕೆಯ ಸಿಟ್ಟಲ್ಲ, ಮೋಸ ಹೋದವನ ಸಿಟ್ಟು. "ಇಂವ ಹುಟ್ಟಿರ್ಲೇ ಇಲ್ಲ ಆಗ" ಎಂದು ನವೀನನತ್ತ ಬೆರಳು ತೋರಿಸಿದ. "ಇವಗ ಹೇಳೂದೂ ಅದ, ನನಗ ಹೇಳೂದೂ ಅದಽ? ನಾ ಕೆಸರಾಗ ನಿಂತಾಂವ. ಚಪ್ಲಿ ಕಳಕೊಂಡಾಂವ." ಕಣ್ಣಲ್ಲಿ ನೀರು ನಿಂತಿತು. ಆಮೇಲೆ ನನ್ನ ತೋಳು ಹಿಡಿದ. "ಕಾಶಪ್ಪಾ, ನೀನರ ಹೇಳು. ನಾ ಇದ್ನೋ ಇಲ್ಲೋ?"

ಎಲ್ಲರೂ ನನ್ನತ್ತ ತಿರುಗಿದರು. ನಾನು ಅವನ ಮುಖ ನೋಡಿದೆ. ಕಣ್ಣು ಮಿಟುಕಿಸಿ ಬೇಡಿಕೊಳ್ಳುತ್ತಾನೇನೋ ಅಂದುಕೊಂಡೆ. ಇಲ್ಲ. ಅವನು ನಿಜವಾಗಿಯೇ ಕೇಳುತ್ತಿದ್ದ.

"ಇದ್ದ" ಎಂದೆ.

ಅಷ್ಟಕ್ಕೇ ಹುಡುಗರ ನಗು ನಿಂತಿತು. ನವೀನ ಬಗ್ಗಿ ಕಾಕಾನ ಕಾಲು ಮುಟ್ಟಿದ. ಬಕೆಟ್ ಮಾರುವವನ ಮಾತಿಗೆ ಇಷ್ಟು ಕಿಮ್ಮತ್ತು ಇದೆಯೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಶೋ ಶುರುವಾಯಿತು. ಕಾರ್ಬೆಲ್ ತನ್ನ ಹಾಡನ್ನೇ ಎದುರಿನ ಪರದೆ ನೋಡಿ ಓದುತ್ತಿದ್ದ. ಏರುದನಿ ಬಂದಾಗ ಹಿಂದೆ ನಿಂತ ಹುಡುಗಿಯರು ಹಾಡುತ್ತಿದ್ದರು, ಇವನು ಬರಿದೇ ಬಾಯಿ ತೆರೆಯುತ್ತಿದ್ದ. ಜನ ಹುಚ್ಚೆದ್ದು ಕೂಗಿದರು. ಶ್ರೀಮಂತ ನನ್ನ ಪಕ್ಕದ ಕುರ್ಚಿಯಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತ, ದನಿ ಹೋಗೇತಿ, ಆಗಿನ ದನಿ ಈಗೆಲ್ಲಿ ಎಂದು ಲೊಚಗುಟ್ಟಿದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ ಬಂದು, ಅಯ್ಯೋ ಪಾಪ ಎನ್ನುವ ದನಿಯಲ್ಲಿ ಹೇಳಿದ:

"ನೀ ಅವತ್ತ ಬರಬೇಕಾಗಿತ್ತ ನೋಡು, ಕಾಶಪ್ಪಾ."