ಕೊಂಬೂದುವವನು ತಡವಾಗಿ ಬಂದ ದಿನ

ಬವೇರಿಯಾದ ಕಾಡಂಚಿನ ನಮ್ಮ ಹಳ್ಳಿಯಲ್ಲಿ ಗಾಯಗೊಂಡ ಜಿಂಕೆಯನ್ನು ಹುಡುಕಬೇಕಾದರೆ ಇಪ್ಪತ್ತೆರಡು ವರ್ಷ ಎಲ್ಲರೂ ತಟ್ಟಿದ್ದು ಕೊರ್ಬಿನಿಯನ್‌ನ ಬಾಗಿಲನ್ನೇ. ಅವನ ಕೊನೆಯ ನಾಯಿ ಬುರ್ಗಾ ರಕ್ತದ ಜಾಡು ಹಿಡಿದು ಹೊರಟಿತೆಂದರೆ ಜಿಂಕೆ ಸಿಕ್ಕಂತೆಯೇ. ಆ ವಸಂತದಲ್ಲಿ ಬುರ್ಗಾ ಸತ್ತಿತು. ಅದೇ ಬೇಸಗೆಯಲ್ಲಿ ಗರಗಸದ ಗಿರಣಿಯ ಮನೆಯ ರೋಸ್ವಿತಾ, ಇನ್ನೂ ಮೂವತ್ತು ದಾಟದ ಹೆಣ್ಣು, ಎಳೆಯ ನಾಯಿಯೊಂದನ್ನು ಪಳಗಿಸಿಕೊಂಡು ಅದೇ ಕೆಲಸಕ್ಕೆ ಇಳಿದಳು.

ಕೊರ್ಬಿನಿಯನ್‌ಗೆ ಉಳಿದದ್ದು ಹೊಡೆದುರುಳಿಸಿದ ಬೇಟೆಯ ಮುಂದೆ ನಿಂತು ಹಿತ್ತಾಳೆಯ ಕೊಂಬೂದುವ ಕೆಲಸ. ಮತ್ತೆ, ಮಾಂಸ ತಿನ್ನಲು ಯೋಗ್ಯವೇ ಎಂದು ನೋಡಿ ಹೇಳುವ ಕೆಲಸ. ಅದಕ್ಕೆಂದೇ ಇದ್ದ ಪರೀಕ್ಷೆಗೆ ಕುಳಿತು ತೇರ್ಗಡೆಯಾದವನು ಅವನು. ಅವನು ಸರಿಯೆಂದ ಮಾಂಸವನ್ನು ಊರಿನಲ್ಲಿ ಯಾರೂ ಎರಡನೆಯ ಸಲ ಮೂಸಿ ನೋಡುತ್ತಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಎಂಟೂವರೆಗೆ ಹೋಟೆಲಿನ ಯಜಮಾನ ಇಗ್ನಾಟ್ಸ್ ಕಾಡಿನಿಂದಲೇ ಫೋನ್ ಮಾಡಿದ.

"ಕೊರ್ಬಿ, ನಿನ್ನೆ ಸಂಜೆ ನಾ ಹೊಡೆದ ಗುಂಡು ಜಿಂಕೆ ಹೊಟ್ಟೆಗೆ ಬಿತ್ತು ಮಾರಾಯ. ರಕ್ತದಲ್ಲಿ ಹಸಿರು ಮೇವಿನ ಚೂರಿತ್ತು. ಅಟ್ಟಿದರೆ ದೂರ ಓಡೀತು ಅಂತ ರಾತ್ರಿ ಅದರ ಪಾಡಿಗೆ ಮಲಗೋಕೆ ಬಿಟ್ಟು, ಬೆಳಿಗ್ಗೆ ರೋಸ್ವಿತಾನ ಕರೆಸಿದೆ. ಏನು ನಾಯಿ ಅಂತೀಯ! ಅರ್ಧ ಗಂಟೇಲಿ ಹುಡುಕಿಬಿಡ್ತು. ಇನ್ನೂ ಜೀವ ಇತ್ತು, ಮುಗಿಸಿದ್ವಿ."

"ಅರ್ಧ ಗಂಟೆನಾ?"

"ಅಷ್ಟೂ ಆಗಿಲ್ಲ. ನೀನು ಬೇಗ ಕೊಂಬು ತಗೊಂಡು ಬಾ. ಭಾನುವಾರ ಮೊಮ್ಮಗಳ ನಾಮಕರಣದೂಟಕ್ಕೆ ಇದೇ ಮಾಂಸ."

ಕೊಂಬೂದಿ, ಫರ್ ಮರದ ಚಿಗುರನ್ನು ರಕ್ತದಲ್ಲಿ ಅದ್ದಿ ಬೇಟೆಗಾರನ ಟೋಪಿಗೆ ಸಿಕ್ಕಿಸುವ ತನಕ ಇಗ್ನಾಟ್ಸ್‌ನ ಮನೆತನದವರು ಚೂರಿ ಮುಟ್ಟುವುದಿಲ್ಲ. ಅಜ್ಜನ ಕಾಲದ ಹಟ. ಹೊಟ್ಟೆಗೆ ಗುಂಡು ಬಿದ್ದ ಜಿಂಕೆಯನ್ನು ತಕ್ಷಣ ಸೀಳಿ ಕರುಳು ತೆಗೆಯದಿದ್ದರೆ ಮಾಂಸ ಕೆಡುತ್ತದೆಂಬುದು ಕೊರ್ಬಿನಿಯನ್‌ಗೆ ಗೊತ್ತಿರಲಿಲ್ಲವೇ? "ಮೊದಲು ಸೀಳು, ಆಮೇಲೆ ಊದ್ತೀನಿ" ಎಂದಿದ್ದರೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ.

ಬೇಟೆಗಾರ ತನ್ನ ಟೋಪಿಯ ಚಿಗುರನ್ನು ಮುರಿದು ಅರ್ಧವನ್ನು ನಾಯಿಯವನಿಗೆ ಕೊಡುವುದು ಪದ್ಧತಿ. ಇಷ್ಟು ವರ್ಷ ಆ ಅರ್ಧ ಬಂದದ್ದು ಕೊರ್ಬಿನಿಯನ್‌ಗೆ. ಇಂದು ಅದು ಆ ಹುಡುಗಿಗೆ. ಅದಕ್ಕೆ ತಾನು ಕೊಂಬೂದಬೇಕು! ಅವನು ಗೋಡೆಯ ಮೇಲಿದ್ದ ಕೊಂಬನ್ನು ಇಳಿಸಿ, ಸುಣ್ಣದ ಪುಡಿ ಹಾಕಿ ತಿಕ್ಕಿದ. ಹೊಳೆಯಿತು. ಮತ್ತೆ ತಿಕ್ಕಿದ. ರೊಟ್ಟಿಗೆ ಬೆಣ್ಣೆ ಸವರಿಕೊಂಡು ನಿಧಾನವಾಗಿ ತಿಂದ. ಅಂಗಿ ಬದಲಾಯಿಸಿದ. "ಕಾಯಲಿ, ಅರ್ಧ ಗಂಟೆಯವರು" ಎಂದುಕೊಂಡ. ಅರ್ಧ ಗಂಟೆಯ ದಾರಿಯಾದರೂ ಅವನು ತಲುಪಿದಾಗ ಹನ್ನೊಂದಾಗಿತ್ತು. ನೆರಳು ಸರಿದು ಜಿಂಕೆಯ ಮೇಲೆ ಬಿಸಿಲು ಬಿದ್ದಿತ್ತು.

"ಏನಯ್ಯಾ, ಮದುವೆ ಗಂಡಿನ ಹಾಗೆ ಬರ್ತಾ ಇದ್ದೀಯ!" ಎಂದ ಇಗ್ನಾಟ್ಸ್.

"ಬನ್ನಿ ಯಜಮಾನ್ರೇ, ನಿಮ್ಮನ್ನೇ ಕಾಯ್ತಾ ಇದ್ವಿ. ನೆರಳಿಗಾದರೂ ಎಳೆಯೋಣ ಅಂದೆ, ಇವರು ಅಲುಗಿಸೋಕೂ ಬಿಡಲಿಲ್ಲ" ಎಂದಳು ರೋಸ್ವಿತಾ.

ಕೊರ್ಬಿನಿಯನ್ ಊದಿದ. ಇಗ್ನಾಟ್ಸ್ ಚಿಗುರು ಮುರಿದು ಅವಳಿಗೆ ಕೊಟ್ಟ. ಅದರಲ್ಲೊಂದು ಎಸಳನ್ನು ಅವಳು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದಳು. ಕೊರ್ಬಿನಿಯನ್ ಮರಗಳ ಕಡೆ ನೋಡುತ್ತ ನಿಂತ.

ಆಮೇಲೆ ಚೂರಿ ಇಳಿಯಿತು. ಉಬ್ಬಿದ ಹೊಟ್ಟೆಯಿಂದ ಉಸ್ಸೆಂದು ಗಾಳಿ ಹೊರಟಿತು. ಇಗ್ನಾಟ್ಸ್ ಕರುಳನ್ನು ತೆಗೆದು, ಕ್ಯಾನಿನ ನೀರು ಸುರಿದು ಒಳಗನ್ನು ತೊಳೆದು, "ನೋಡು, ಹೂವಿನ ಹಾಗಿದೆ" ಎಂದ.

ಕೊರ್ಬಿನಿಯನ್ ಮೊಣಕಾಲೂರಿದ. ಪಕ್ಕೆಯ ಒಳಮೈ ಹಸಿರಾಗಿತ್ತು. ಮೂತ್ರಪಿಂಡದ ಪಕ್ಕದ ಮಾಂಸವನ್ನು ಸ್ವಲ್ಪ ಕೊಯ್ದು ಮೂಸಿದ. ತೊಡೆಯ ಸಂದಿನಲ್ಲಿ ಮೂಸಿದ. ಸಿಹಿಯೂ ಹುಳಿಯೂ ಕೂಡಿದ ಆ ವಾಸನೆ ಅವನಿಗೆ ಪರಿಚಿತ. ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು. ಮರುಕ್ಷಣ, ಈ ಸಂತೋಷವೇ ಮೂಗಿಗೆ ವಾಸನೆ ತೋರಿಸುತ್ತಿದೆಯೇನೋ ಎಂದು ಹೆದರಿ ಮತ್ತೊಮ್ಮೆ ಮೂಸಿದ. ಅನುಮಾನವಿರಲಿಲ್ಲ.

"ಕೆಟ್ಟಿದೆ. ಯಾರೂ ತಿನ್ನಬಾರದು."

ಇಗ್ನಾಟ್ಸ್‌ನ ಮುಖ ಕೆಂಪೇರಿತು. "ಬೆಳಿಗ್ಗೆ ಜೀವಂತ ಇದ್ದ ಪ್ರಾಣಿ ಹೇಗಯ್ಯಾ ಕೆಡುತ್ತೆ? ಅವಳ ನಾಯಿ ಹುಡುಕಿತು ಅಂತ ನಿನಗೆ ಉರಿ. ನಿನ್ನ ಬುರ್ಗಾ ಹುಡುಕಿದ್ದರೆ ಚೆನ್ನಾಗಿದೆ ಅಂತಿದ್ದೆ!"

ರೋಸ್ವಿತಾ ಬಗ್ಗಿ ತಾನೂ ಮೂಸಿದಳು. ಮುಖ ಸಿಂಡರಿಸಿ, "ಅವರು ಹೇಳಿದ್ದು ನಿಜ" ಎಂದಳು. "ನನ್ನದೇ ತಪ್ಪು. ನಾಯಿ ಇನ್ನಷ್ಟು ಬೇಗ ಹುಡುಕಬೇಕಿತ್ತು."

ಕೊರ್ಬಿನಿಯನ್ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮೂಗಿನ ಹೆಸರೂ ಉಳಿಯುತ್ತಿತ್ತು, ತಪ್ಪು ಆ ನಾಯಿಯ ತಲೆಗೆ ಹೋಗುತ್ತಿತ್ತು. ಅವನು ಎದ್ದು ನಿಂತ.

"ನಾಯಿದಲ್ಲ ತಪ್ಪು. ನಂದು," ಎಂದ. "ಎಂಟೂವರೆಗೇ ಸೀಳಿದ್ದರೆ ಬಹುಪಾಲು ಉಳೀತಿತ್ತು. ಎರಡೂವರೆ ಗಂಟೆ ಸೆಕೇಲಿ ಹಾಗೇ ಬಿದ್ದಿತ್ತು. ನಾನು ಮನೇಲಿ ಕೊಂಬು ತಿಕ್ತಾ ಕೂತಿದ್ದೆ. ಬೇಕು ಅಂತಲೇ. ಇಗ್ನಾಟ್ಸ್, ನೀನಂದ ಉರಿ ಇತ್ತು. ಆದರೆ ಅದು ಈಗ ಅಲ್ಲ, ಬೆಳಿಗ್ಗೆ."

ಇಗ್ನಾಟ್ಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾಮಕರಣಕ್ಕೆ ಹಂದಿ ಹುರೀತೀನಿ," ಎಂದ. "ನಿನಗೆ ಕರೆಯೋಲೆ ಇಲ್ಲ." ಗುದ್ದಲಿ ತರಲು ಜೀಪಿನ ಕಡೆ ನಡೆದ.

ಜಿಂಕೆಯನ್ನು ಹೂಳುವ ಗುಂಡಿಯನ್ನು ತಾನೇ ತೋಡುತ್ತೇನೆಂದು ಕೊರ್ಬಿನಿಯನ್ ಗುದ್ದಲಿಯನ್ನು ಕಸಿದುಕೊಂಡ. ಬೇರು ತುಂಬಿದ ನೆಲ, ಅರವತ್ತೆಂಟರ ಬೆನ್ನು. ರೋಸ್ವಿತಾ ಇನ್ನೊಂದು ಗುದ್ದಲಿ ಹಿಡಿದು ಎದುರಿಗೆ ನಿಂತಳು.

"ನಿಮ್ಮ ಮೂಗು ನನಗೂ ಕಲಿಸಿಕೊಡ್ತೀರಾ ಯಜಮಾನ್ರೇ?"

"ಅದೂ ಬೇಕಾ ನಿನಗೆ?" ಎಂದ ಅವನು. ಸ್ವಲ್ಪ ಹೊತ್ತು ಅಗೆದು, ಮುಖವೆತ್ತದೆ, "ಮಂಗಳವಾರ ಬಾ," ಎಂದ.

ಅವಳ ಕಡೆಯ ಗುಂಡಿ ಆಗಲೇ ಆಳವಾಗಿತ್ತು. ಅವನು ಅದನ್ನೂ ನೋಡಿದ. ಬೆನ್ನು ನೆಟ್ಟಗೆ ಮಾಡಿಕೊಳ್ಳದೆ ಇನ್ನಷ್ಟು ಜೋರಾಗಿ ಗುದ್ದಲಿ ಹಾಕಿದ.